ಬಚ್ಚಲಿಗೆ ಬಿದ್ದದ್ದು ಉಳಿಯಿತು, ಹುಲ್ಲಿಗೆ ಬಿಟ್ಟದ್ದು ಹೋಯಿತು: ಲಾಸ್ ವೇಗಸ್‌ನ ನೀರಿನ ಸೂತ್ರಗಳು

ವರ್ಷಕ್ಕೆ ಬೀಳುವ ಮಳೆ ಸುಮಾರು 10 ಸೆಂ.ಮೀ. ಬಳಸುವ ನೀರಿನಲ್ಲಿ ಶೇ. 90ರಷ್ಟು ಕೊಲೊರಾಡೊ ನದಿಯದು, ಹೂವರ್ ಅಣೆಕಟ್ಟೆಯ ಹಿಂದಿನ ಮೀಡ್ ಸರೋವರದಿಂದ ಬರಬೇಕು. ಜೂಜಿಗೂ ಕಾರಂಜಿಗೂ ಹೆಸರಾದ ಈ ಊರು ನೀರಿನ ವಿಷಯದಲ್ಲಿ ಮಹಾ ಜಿಪುಣ.

1. ಜಗಳ ಬಿಟ್ಟು ಒಂದೇ ಲೆಕ್ಕಪುಸ್ತಕ ಇಡಿ. 1991ರಲ್ಲಿ ಸುತ್ತಲಿನ ನೀರಿನ ಏಳು ಸಂಸ್ಥೆಗಳು ಸೇರಿ ಸದರ್ನ್ ನೆವಾಡಾ ವಾಟರ್ ಅಥಾರಿಟಿ ಎಂಬ ಪ್ರಾಧಿಕಾರ ಕಟ್ಟಿದವು.

2. ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ನೋಡಿ. ನದಿಯಲ್ಲಿ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಪಾಲು ವರ್ಷಕ್ಕೆ 3 ಲಕ್ಷ ಎಕರೆ-ಅಡಿ. ನಮ್ಮ ಲೆಕ್ಕದಲ್ಲಿ ಸುಮಾರು 13 ಟಿಎಂಸಿ, ತುಂಬಿದ ಕೆಆರ್‌ಎಸ್‌ನ ಕಾಲುಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಇಷ್ಟು ದೊಡ್ಡ ಊರು ಬದುಕುವುದು ಹೇಗೆ? ಸ್ನಾನ, ಪಾತ್ರೆ, ಕಕ್ಕಸಿನ ನೀರು ಹೆಚ್ಚುಕಡಿಮೆ ಪೂರ್ತಿ ಶುದ್ಧವಾಗಿ, ಬಹುಪಾಲು ಲಾಸ್ ವೇಗಸ್ ವಾಶ್ ಎಂಬ ಹಳ್ಳದಲ್ಲಿ ಹರಿದು ಸರೋವರಕ್ಕೇ ವಾಪಸ್ ಸೇರುತ್ತದೆ. ವಾಪಸ್ ಬಿಟ್ಟಷ್ಟನ್ನು ಮತ್ತೆ ಎತ್ತಿಕೊಳ್ಳಬಹುದು, ಪಾಲು ಕರಗುವುದಿಲ್ಲ. ಹಾಗಾಗಿ ಹೋಟೆಲ್ ಕೋಣೆಯಲ್ಲಿ ಅರ್ಧ ಗಂಟೆ ಮೀಯುವವರನ್ನು ಬೈಯಬೇಡಿ. ನಿಜವಾದ ಸೋರಿಕೆ ಆಕಾಶಕ್ಕೆ: ಹುಲ್ಲಿಗೆ ಬಿಟ್ಟ ನೀರು ಆವಿಯಾಗಿ ಹೋಗುತ್ತದೆ, ಸರೋವರಕ್ಕೆ ವಾಪಸ್ ಬರುವುದಿಲ್ಲ.

3. ಹುಲ್ಲು ಕೀಳಿಸಿ, ಕೈಗೆ ಕಾಸು ಕೊಟ್ಟು ಕೀಳಿಸಿ. ಹುಲ್ಲುಹಾಸು ತೆಗೆದು ಮರುಭೂಮಿಯ ಗಿಡ ನೆಟ್ಟರೆ ಚದರಡಿಗೆ ಇಷ್ಟೆಂದು ಪ್ರಾಧಿಕಾರವೇ ಹಣ ಕೊಡುತ್ತದೆ. ಉಳಿತಾಯ ವರ್ಷಕ್ಕೆ ಚದರಡಿಗೆ ಸುಮಾರು 200 ಲೀಟರ್. ರಸ್ತೆ ವಿಭಜಕದಲ್ಲಿ, ಕಚೇರಿಗಳ ಮುಂದೆ ಬೆಳೆದ ಹುಲ್ಲನ್ನು ತುಳಿಯುವುದು ಅದನ್ನು ಕತ್ತರಿಸಲು ಬರುವ ಆಳು ಮಾತ್ರ. ಅಂಥ ಹುಲ್ಲಿಗೆ ನದಿ ನೀರು ಬಿಡುವುದನ್ನು 2027ರ ಆರಂಭದಿಂದ ನಿಷೇಧಿಸುವ ಕಾನೂನು 2021ರಲ್ಲೇ ಬಂತು. ಮನೆಯಂಗಳಗಳಿಗೆ ವಿನಾಯಿತಿ ಇದೆ. ಮತದಾರರ ಅಂಗಳ ನೋಡಿ!

4. ಗಡಿಯಾರ ಕಟ್ಟಿ. ಬೇಸಿಗೆಯಲ್ಲಿ ಬೆಳಗ್ಗೆ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಬಂದ್. ನೀರು ರಸ್ತೆಗೆ ಹರಿದರೆ ತನಿಖಾಧಿಕಾರಿ ವಿಡಿಯೊ ಮಾಡಿಕೊಳ್ಳುತ್ತಾನೆ. ತಿದ್ದಿಕೊಳ್ಳದಿದ್ದರೆ ದಂಡದ ಚೀಟಿ.

5. ಈಜುಕೊಳಕ್ಕೂ ಅಳತೆ ಇಡಿ. 2022ರಿಂದ ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ ಮನೆಗಳ ಹೊಸ ಕೊಳ 600 ಚದರಡಿ ಮೀರುವಂತಿಲ್ಲ.

6. ಬರ ಬಿಗಿಯಾಗುವ ಮೊದಲೇ ಆಳಕ್ಕಿಳಿಯಿರಿ. ಸರೋವರ ತಗ್ಗುತ್ತಿದ್ದಾಗಲೇ ಅದರಡಿ ಸುರಂಗ ಕೊರೆದು, 2015ರಲ್ಲಿ ನೀರೆಳೆಯುವ ಮೂರನೆಯ ಕೊಳವೆ ಮುಗಿಸಿದರು. 2020ಕ್ಕೆ ತಳದ ನೀರೆತ್ತುವ ಪಂಪ್‌ಹೌಸೂ ಸಿದ್ಧವಾಯಿತು. ದುಬಾರಿ ಎಂದು ಮೂಗು ಮುರಿದವರು ಇದ್ದರು. 2022ರ ಏಪ್ರಿಲ್‌ನಲ್ಲಿ ಹಳೆಯ ಮೊದಲ ಕೊಳವೆಯ ತಲೆ ನೀರಿನಿಂದ ಮೇಲೆದ್ದು ಬಿಸಿಲಿಗೆ ಬಿತ್ತು. ಊರಿನ ನಲ್ಲಿಗಳಲ್ಲಿ ನೀರು ನಿಲ್ಲಲಿಲ್ಲ.