ಬೀವರ್ ಮತ್ತು ಪ್ರಾಣವಾಯು

ಉತ್ತರ ಅಮೆರಿಕ ಮತ್ತು ಯೂರೋಪುಗಳ ತೊರೆಗಳಲ್ಲಿ ಬೀವರ್ ಎಂಬ ಸಸ್ತನಿ ವಾಸಿಸುತ್ತದೆ. ಹಲ್ಲಿನಿಂದ ಮರ ಕಡಿದು ತೊರೆಗೆ ಅಡ್ಡಗಟ್ಟೆ ಹಾಕುವ ಈ ಪ್ರಾಣಿಗೆ ನೆಲವೂ ಬೇಕು, ನೀರೂ ಬೇಕು. ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿದರೆ ಅದು ಮಂಜುಗಡ್ಡೆಯ ಅಡಿಯಲ್ಲಿ ಈಜಿ, ಮೊದಲೇ ಮುಳುಗಿಸಿಟ್ಟ ರೆಂಬೆಗಳನ್ನು ಆಹಾರಕ್ಕಾಗಿ ತರುತ್ತದೆ. ಅಗತ್ಯಬಿದ್ದರೆ ಸುಮಾರು 15 ನಿಮಿಷಗಳ ಕಾಲ ಉಸಿರು ಬಿಗಿಹಿಡಿಯಬಲ್ಲುದು.

ಮುಳುಗಿದೊಡನೆ ಅದರ ಹೃದಯದ ಬಡಿತ ನಿಧಾನವಾಗುತ್ತದೆ. ರಕ್ತವು ಮುಖ್ಯವಾಗಿ ಮಿದುಳು, ಹೃದಯಗಳಿಗೆ ಮೀಸಲಾಗಿ, ಉಳಿದ ಅನೇಕ ಅಂಗಾಂಶಗಳಿಗೆ ಅದರ ಹರಿವು ತಗ್ಗುತ್ತದೆ. ಆದರೆ ಗಂಡಾಂತರವಿರುವುದು ಮುಳುಗಿದಾಗ ಮಾತ್ರವಲ್ಲ, ಮೇಲೆದ್ದಾಗಲೂ ಉಂಟು. ರಕ್ತ ಒಮ್ಮೆಗೇ ಮರಳಿ ನುಗ್ಗುವಾಗ ಆಮ್ಲಜನಕದ ಒಂದಂಶ ಸೂಪರಾಕ್ಸೈಡ್ ಎಂಬ ಉಗ್ರರೂಪವನ್ನು ತಾಳಬಹುದು. ಅದರಿಂದ ಹುಟ್ಟುವ ವಸ್ತುಗಳು ಜೀವಕೋಶಗಳ ಪೊರೆಯನ್ನೂ ಪ್ರೋಟೀನುಗಳನ್ನೂ ಕೆಡಿಸಬಲ್ಲವು. ಹೃದಯಾಘಾತದಲ್ಲಿ ತಡೆಗೊಂಡ ರಕ್ತ ಮರಳಿ ಹರಿದಾಗ ಮನುಷ್ಯನ ಹೃದಯಕ್ಕೆ ಆಗುವ ಹಾನಿಗೆ ಇದೂ ಒಂದು ಕಾರಣ.

ಈ ಅಪಾಯಕ್ಕೆ ಪ್ರಕೃತಿ ಕಾವಲಿರಿಸಿದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಸೂಪರಾಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾಗೂ ಆಮ್ಲಜನಕವನ್ನಾಗಿ ಮಾರ್ಪಡಿಸುತ್ತದೆ. ಇದರ ಕಾರ್ಯವನ್ನು 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿಕೊಟ್ಟರು. ಪೆರಾಕ್ಸೈಡೂ ನಿರಪಾಯಕಾರಿಯಲ್ಲ, ಅದನ್ನು ಕೆಟಲೇಸ್ ಎಂಬ ಮತ್ತೊಂದು ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗ್ಲುಟಾಥಯೋನ್ ಈ ಕೆಲಸಕ್ಕೆ ನೆರವಾದರೆ, ಪೊರೆಗಳನ್ನು ‘ಇ’ ಜೀವಸತ್ವ ಕಾಯುತ್ತದೆ.

ಈ ಕಾವಲು ಮನುಷ್ಯನಲ್ಲಿಯೂ ಉಂಟು. ಆದರೆ ದಿನವೂ ಮುಳುಗಿ ಏಳುವ ಜೀವಿಗೆ ಅದು ದಿನದಿನದ ರಕ್ಷೆ. ಯಾವ ಉಸಿರಿಗಾಗಿ ಬೀವರ್ ಮೇಲಕ್ಕೆ ಬರುವುದೋ, ಆ ಉಸಿರಿನಿಂದಲೇ ಅದು ತನ್ನನ್ನು ಕಾಪಾಡಿಕೊಳ್ಳಬೇಕಾಗಿದೆ.