ಹಳದಿ ಆಣೆ ಚಿನ್ನವೇ? ಮೊದಲು ಇಸವಿ ನೋಡಿ

ಅಜ್ಜಿಯ ಗಂಟಿನಲ್ಲೋ ದೇವರ ಪೆಟ್ಟಿಗೆಯಲ್ಲೋ ಹಳದಿ ಬಣ್ಣದ ಬ್ರಿಟಿಷ್ ನಾಣ್ಯ ಸಿಕ್ಕಿತೆನ್ನಿ. ನಮ್ಮ ದಾವಣಗೆರೆ, ಹರಿಹರ ಬ್ರಿಟಿಷರ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನದ ಟಂಕಸಾಲೆ 1843ರಲ್ಲೇ ಮುಚ್ಚಿತ್ತು, ಆಮೇಲೆ ಇಲ್ಲಿ ಓಡಿದ್ದು ಬ್ರಿಟಿಷ್ ನಾಣ್ಯಗಳೇ. ಹಾಗಾಗಿ ಹಳೇ ಮನೆಗಳಲ್ಲಿ ಇಂಥ ಕಾಸು ಸಿಗುವುದು ಅಚ್ಚರಿಯಲ್ಲ. ಅದು ಚಿನ್ನವಾಗಿರುವುದು ಮಾತ್ರ ಅಪರೂಪ.

ಮೊದಲು ಇಸವಿ ಓದಿ. 1942ರಿಂದ 1945ರೊಳಗಿನದಾದರೆ ಅನುಮಾನ ಅಲ್ಲಿಗೇ ಬಗೆಹರಿಯಬಹುದು. ಎರಡನೇ ಮಹಾಯುದ್ಧಕ್ಕೆ ನಿಕ್ಕಲ್ ಬೇಕಾಗಿ, ಅರ್ಧ ಆಣೆ, ಒಂದಾಣೆ, ಎರಡಾಣೆಗಳನ್ನು ನಿಕ್ಕಲ್ ಬೆರೆಸಿದ ಹಿತ್ತಾಳೆಯಲ್ಲಿ ಟಂಕಿಸಿದರು. ಒಂದಾಣೆಯ ಅಂಚು ಅಲೆ ಅಲೆ. ಉಳಿದೆರಡು ಮೂಲೆ ದುಂಡಾದ ಚೌಕ. 1946ಕ್ಕೆ ಇವು ಬಿಳಿಯಾದವು. ಅದೇ, ಬ್ರಿಟಿಷರ ಚಿನ್ನದ ನಾಣ್ಯ ಸವರನ್ ದುಂಡಗೆ, 7.98 ಗ್ರಾಂ, ಅದರ ಮೇಲೆ ಆಣೆ, ರೂಪಾಯಿ ಎಂದು ಬೆಲೆಯೇ ಇರುವುದಿಲ್ಲ.

ಹಳದಿಯಾಗಿರುವುದು ರೂಪಾಯಿಯೇ ಆದರೆ? ಸರಕ್ಕೆಂದು ಚಿನ್ನದ ನೀರು ಕೊಟ್ಟಿರಬಹುದು. ರಾಜನ ಕೆನ್ನೆ, ಕಿವಿಯಂಥ ಉಬ್ಬು ಜಾಗದಲ್ಲಿ ಹಳದಿ ಸವೆದು ಬಿಳಿ ಇಣುಕುತ್ತದೆಯೇ, ಅಂಚಿನಲ್ಲಿ ಕೊಂಡಿ ಬೆಸೆದ ಗುರುತಿದೆಯೇ ನೋಡಿ. ಪೂಜೆಯ ಅರಿಸಿನವೂ ಇರಬಹುದು, ನಗಬೇಡಿ.

ಬೆಳ್ಳಿ ಅಂಗಡಿಯಲ್ಲಿ ತೂಗಿಸಿ. ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ; ಸವೆದಿದ್ದರೆ ತುಸು ಕಡಿಮೆ. 1939ರವರೆಗೆ ಬೆಳ್ಳಿ ನೂರಕ್ಕೆ ಸುಮಾರು 92 ಪಾಲು, 1940ರಿಂದ ಅರ್ಧಕ್ಕೆ ಇಳಿಯಿತು. ಹುಲಿ ಚಿತ್ರದ 1947ರ ರೂಪಾಯಿ ಪೂರ್ತಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ವಿಕ್ಟೋರಿಯಾ ರಾಣಿಯ ರೂಪಾಯಿ ಅಂಟಿತೋ, ಅದು ನಕಲಿ.

ಕಪ್ಪು, ನೀಲಿ ಛಾಯೆ ಬೆಳ್ಳಿಗೆ ಗಾಳಿಯ ಗಂಧಕ ತಗುಲಿದ್ದರಿಂದ. ತಾಮ್ರದ ಕಾಸಿನ ಹಸಿರು ತೇವದ ಕಿಲುಬು. ಎರಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸಂಗ್ರಾಹಕರು ತಿಕ್ಕಿದ ನಾಣ್ಯದ ಬೆಲೆ ಇಳಿಸುತ್ತಾರೆ. ಕಿಲುಬು ಹಿಡಿದದ್ದನ್ನು ಒಣ ಕಾಗದದಲ್ಲಿ ಸುತ್ತಿ ಬೇರೆ ಇಡಿ.

ಪಾಯ ತೋಡುವಾಗ ನಾಣ್ಯದ ಗಂಟೇ ಸಿಕ್ಕರೆ, ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು, ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡಿಸುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಂಥ ವ್ಯವಹಾರ ತನ್ನದಲ್ಲ ಎಂದು ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.