ದೀಪದ ಛಾಯೆ ಮತ್ತು ವರ್ಣ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಂತಹ ಹಳೆಯ ಗುಡಿಯ ಒಳಗೆ ಎಣ್ಣೆಯ ದೀಪ ಉರಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಬೆಳಕಿನಲ್ಲಿ ಕುಂಕುಮವು ಕೆಂಡದಂತೆ ಕಾಣುತ್ತದೆ. ಕಲ್ಲಿನ ಕೆತ್ತನೆಯ ಉಬ್ಬುತಗ್ಗುಗಳು ಎದ್ದು ತೋರುತ್ತವೆ. ಅಲ್ಲಿಯೇ ಪ್ರಖರವಾದ ಬಿಳಿಯ ವಿದ್ಯುದ್ದೀಪವನ್ನು ಹೊತ್ತಿಸಿದರೆ ಬೆಳಕು ಹೆಚ್ಚುತ್ತದೆ, ಚೆಲುವು ಕುಗ್ಗುತ್ತದೆ. ಇದೇಕೆ? ದೀಪವನ್ನು ರೂಪಿಸುವವನ ಕೈಯಲ್ಲಿರುವ ಎರಡು ಸಾಧನಗಳನ್ನು, ಎಂದರೆ ಛಾಯೆ ಮತ್ತು ವರ್ಣಗಳನ್ನು, ವಿಚಾರಿಸಿದರೆ ಉತ್ತರ ದೊರೆಯುತ್ತದೆ.

ಛಾಯೆಯೆಂದರೆ ಬೆಳಕು ನೆಳಲುಗಳ ತರತಮ. ಸಣ್ಣ ದೀಪದಿಂದ ದೂರವು ಎರಡರಷ್ಟಾದರೆ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಿಗೂ, ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲಿಗೂ ಇಳಿಯುತ್ತದೆ. ಆದುದರಿಂದ ಹತ್ತಿರದ ಸೊಡರು ಮೂರ್ತಿಯನ್ನು ಬೆಳಗಿ ಹಿಂದಿನ ಗೋಡೆಯನ್ನು ಕತ್ತಲೆಗೆ ಬಿಡುತ್ತದೆ. ಸಣ್ಣ ಕುಡಿಯು ಅಂಚು ಸ್ಪಷ್ಟವಾದ ನೆಳಲನ್ನು ಬೀರುತ್ತದೆ. ದೀಪಕ್ಕೆ ತೆಳುವಾದ ಕಾಗದದ ಮುಸುಕು ಹಾಕಿದರೆ ಬೆಳಕಿನ ಮೂಲವೇ ಹಿರಿದಾದಂತಾಗಿ ನೆಳಲಿನ ಅಂಚು ಮೃದುವಾಗುತ್ತದೆ. ಓದುವ ಮೇಜಿಗೆ ಈ ಮೃದುತ್ವವೇ ಹಿತ.

ಇನ್ನು ವರ್ಣ. ಎಣ್ಣೆದೀಪದ ಜ್ವಾಲೆಯಲ್ಲಿ ಕಾಯ್ದ ಮಸಿಯ ಕಣಗಳು ಹಳದಿಯಾಗಿ ಬೆಳಗುತ್ತವೆ. ಕಾಯ್ದ ಕಪ್ಪು ಕಾಯವೊಂದು ಅದೇ ಬಣ್ಣದಿಂದ ಬೆಳಗುವ ಉಷ್ಣಮಾನಕ್ಕೆ ವರ್ಣತಾಪವೆಂದು ಹೆಸರು. ಎಣ್ಣೆದೀಪದ ವರ್ಣತಾಪ ಸುಮಾರು 1,900 ಕೆಲ್ವಿನ್, ತಂತಿಯ ಬಲ್ಬಿನದು 2,700, ನಡುಹಗಲಿನದು 5,500. ವರ್ಣತಾಪ ಕಡಮೆಯಾದಷ್ಟೂ ಕೆಂಪಿನ ಪಾಲು ಹೆಚ್ಚು, ನೀಲಿಯ ಪಾಲು ಕಡಮೆ. ಹಿತ್ತಾಳೆಯ ಕಂಬವೂ ನೀಲಿಯನ್ನು ಹೀರಿಕೊಂಡು ಹಳದಿಯನ್ನೇ ಮರಳಿಸುತ್ತದೆ.

ಇದರ ಇನ್ನೊಂದು ಮುಖವನ್ನು ರೇಷ್ಮೆಯಲ್ಲಿ ಕಾಣಬಹುದು. ನಂಜನಗೂಡಿನ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ರೇಷ್ಮೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯಿದೆ. ಆ ನೂಲು ಮೈಸೂರಿನಲ್ಲಿ ಸೀರೆಯಾಗುತ್ತದೆ. ಕಡುನೀಲಿಯ ಸೀರೆಯೊಂದನ್ನು ಎಣ್ಣೆದೀಪದಡಿ ಹಿಡಿದರೆ ಅದು ಕಪ್ಪೆಂದೇ ತೋರೀತು. ಬಟ್ಟೆಯು ಪ್ರತಿಫಲಿಸಬೇಕಾದ ನೀಲಿಯೇ ಆ ಬೆಳಕಿನಲ್ಲಿ ವಿರಳ. ಒಂದು ದೀಪದಡಿ ಒಂದೇ ಬಣ್ಣವೆನಿಸಿದ ಎರಡು ಎಳೆಗಳು ಹಗಲಿನಲ್ಲಿ ಬೇರೆಬೇರೆಯಾಗಿ ಕಾಣುವುದೂ ಉಂಟು. ಜಾಣ ಗಿರಾಕಿಯು ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ನೋಡುವುದು ಸುಮ್ಮನೆ ಅಲ್ಲ.

ಇಂದಿನ ಎಲ್‌ಇಡಿ ದೀಪಕ್ಕೆ ನೀಲಿ ಡಯೋಡೇ ಆಧಾರ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಇವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಆ ನೀಲಿಯ ಒಂದು ಭಾಗವನ್ನು ಲೇಪವೊಂದು ಹಳದಿಯಾಗಿ ಮಾರ್ಪಡಿಸುತ್ತದೆ. ಎರಡೂ ಬೆರೆತು ಬಿಳಿಯೆನಿಸುತ್ತದೆ. ಅಗ್ಗದ ದೀಪಗಳಲ್ಲಿ ಕಡುಗೆಂಪು ಕೊರತೆಯಾಗಿರುವುದರಿಂದ ಕುಂಕುಮವು ಮಂಕಾಗುತ್ತದೆ. ದೀಪವು ಬಿಳಿಯಾಗಿ ಕಂಡ ಮಾತ್ರಕ್ಕೆ ಎಲ್ಲ ಬಣ್ಣಗಳನ್ನೂ ಸರಿಯಾಗಿ ತೋರಿಸೀತೆಂದು ನಂಬಲಾಗದು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೆಂಪು, ಹಸಿರು, ಕಡುನೀಲಿ ಕಾಗದದ ಚೂರುಗಳನ್ನು ಮೊದಲು ಹಣತೆಯ ಬಳಿಯಲ್ಲಿಯೂ ಅನಂತರ ಹಗಲಿನಲ್ಲಿಯೂ ನೋಡಿರಿ. ದೀಪವನ್ನು ಆರಿಸುವಾಗ ಅದು ಎಷ್ಟು ಬೆಳಗುತ್ತದೆ ಎಂಬುದರ ಜೊತೆಗೆ, ಏನನ್ನು ಬೆಳಗಬೇಕು ಎಂದೂ ಕೇಳಬೇಕೆಂಬುದು ಆಗ ಮನದಟ್ಟಾದೀತು.